ಕೆಲಸಗಾರ ಹೌದೋ ಅಲ್ಲವೋ: ಕೋರ್ಟ್ ಏನನ್ನು ನೋಡುತ್ತದೆ?

ಕೆಲಸದಿಂದ ತೆಗೆದ ಪ್ರಕರಣ ಕಾರ್ಮಿಕ ನ್ಯಾಯಾಲಯಕ್ಕೆ ಬಂದರೆ ಮಾಲೀಕರ ಕಡೆಯವರು ಬಹಳ ಸಲ ಎತ್ತುವ ಮೊದಲ ತಕರಾರು ಇದು: ಇವರು ಕಾಯ್ದೆ ಹೇಳುವ ಕೆಲಸಗಾರರೇ ಅಲ್ಲ. ಅದನ್ನು ಕೋರ್ಟ್ ಒಪ್ಪಿದರೆ ಕೇಸು ಅಲ್ಲಿಗೇ ಮುಗಿಯಿತು. ವಜಾ ಸರಿಯೋ ತಪ್ಪೋ ಎಂದು ಕೋರ್ಟ್ ನೋಡುವುದೇ ಇಲ್ಲ. ಅದಕ್ಕೇ ಇಂಥ ಪ್ರಕರಣ ಓದುವಾಗ ಇಲ್ಲಿಂದ ಶುರು ಮಾಡಿ.

1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಕಲಂ 2(ಎಸ್) ದೈಹಿಕ, ಕುಶಲ, ಅಕುಶಲ, ತಾಂತ್ರಿಕ, ಗುಮಾಸ್ತಿಕೆ, ಮೇಲ್ವಿಚಾರಣೆ ಮುಂತಾದ ಕೆಲಸಗಳನ್ನು ಹೆಸರಿಸಿತ್ತು. ಮ್ಯಾನೇಜರ್ ಮಟ್ಟದ, ಆಡಳಿತದ ಕೆಲಸ ಹೊರಗೆ. ಮೇಲ್ವಿಚಾರಕರ ಸಂಬಳ ಮಿತಿ ದಾಟಿದರೆ ಅವರೂ ಹೊರಗೆ. ಆ ಮಿತಿ 2010ರಿಂದ ತಿಂಗಳಿಗೆ 10,000 ರೂಪಾಯಿ ಇತ್ತು. 2025ರ ನವೆಂಬರ್ 21ರಂದು ಆ ಕಾಯ್ದೆಯ ಬದಲಿಗೆ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 18,000. ಜಾಸ್ತಿ ಜನ ಎಡವುವುದು ಇಲ್ಲೇ: ಈ ಮಿತಿ ಮೇಲ್ವಿಚಾರಕರಿಗೆ ಮಾತ್ರ. ಯಂತ್ರದ ಮುಂದೆ ನಿಲ್ಲುವ ಕುಶಲ ಕಾರ್ಮಿಕ ಎಷ್ಟೇ ಸಂಬಳ ಪಡೆದರೂ ಕೆಲಸಗಾರನೇ.

ಹೆಸರಿಸಿದ ಕೆಲಸಗಳಲ್ಲಿ ಯಾವುದಕ್ಕೂ ಸೇರದಿದ್ದರೆ? 1988ರ ಸುಂದರಾಂಬಾಳ್ ಪ್ರಕರಣದಲ್ಲಿ ಶಿಕ್ಷಕರನ್ನು, 1994ರ ಅಡ್ಯಂತಾಯ ಪ್ರಕರಣದಲ್ಲಿ ಔಷಧ ಕಂಪನಿಯ ಪ್ರತಿನಿಧಿಗಳನ್ನು ಸುಪ್ರೀಂ ಕೋರ್ಟ್ ಹೊರಗಿಟ್ಟಿತು. ಹೊಸ ಸಂಹಿತೆ ಮಾರಾಟ ಉತ್ತೇಜನದ ನೌಕರರನ್ನು ಹೆಸರು ಹೇಳಿ ಒಳಗೆ ತಂದಿದೆ. ಶಿಕ್ಷಕರಿಗೆ ಆ ಭಾಗ್ಯ ಸಿಕ್ಕಿಲ್ಲ.

ಹುದ್ದೆಯ ಹೆಸರು ನೋಡಿ ಮೋಸ ಹೋಗಬೇಡಿ. ‘ಮ್ಯಾನೇಜರ್’ ಎಂದು ಕರೆದು ದಿನವಿಡೀ ಲೆಕ್ಕ ಬರೆಸಿದರೆ ಅದು ಗುಮಾಸ್ತಿಕೆಯೇ ಅಲ್ವಾ? ಮುಖ್ಯ ಕೆಲಸ ಯಾವುದು ಎಂದು ನೋಡಬೇಕು ಎನ್ನುತ್ತದೆ ಎಸ್.ಕೆ. ಮೈನಿ ತೀರ್ಪು. ಆ ಪ್ರಕರಣದಲ್ಲಿ ಅಂಗಡಿಯ ಮ್ಯಾನೇಜರ್ ಸೋತರು. ಅವರು ನಿಜಕ್ಕೂ ಅಂಗಡಿ ನಡೆಸುತ್ತಿದ್ದರು.

ಗುತ್ತಿಗೆದಾರ ನಡುವೆ ಇದ್ದಾಗ ಪ್ರಶ್ನೆ ಬೇರೆ: ಮಾಲೀಕ ಯಾರು? 1957ರ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ ಉಪ್ಪು ತೆಗೆಯುವ ಅಗರಿಯಾಗಳು ತಾವೇ ಆಳು ಹಚ್ಚಿಕೊಳ್ಳಬಹುದಿತ್ತು. ಆದರೂ ಕೆಲಸದ ರೀತಿಯ ಮೇಲೆ ಕಂಪನಿಯ ಹಿಡಿತವಿದ್ದ ಕಾರಣ ಅವರನ್ನು ಕೆಲಸಗಾರರೆಂದೇ ಒಪ್ಪಲಾಯಿತು. 1978ರ ಹುಸೇನ್‌ಭಾಯಿ ತೀರ್ಪು ಕಾಗದದ ಮುಸುಕು ಸರಿಸಿ ಒಳಗೆ ನೋಡಿ ಎಂದಿತು. 2001ರ ಉಕ್ಕು ಪ್ರಾಧಿಕಾರದ ತೀರ್ಪು ಬೇಲಿ ಹಾಕಿತು: ಗುತ್ತಿಗೆ ಪದ್ಧತಿ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ತಾವಾಗಿಯೇ ಕಾಯಂ ಆಗುವುದಿಲ್ಲ. ಆದರೆ ಗುತ್ತಿಗೆ ಬರೀ ತೋರಿಕೆ ಎಂದು ಸಾಬೀತಾದರೆ ಮಾತು ಬೇರೆ.

ನನ್ನ ಮಟ್ಟಿಗೆ ಕೇಸು ನಿಲ್ಲುವುದು, ಬೀಳುವುದು ಪುರಾವೆಯ ಮೇಲೆ. ನೋಟಿಸು, ಪರಿಹಾರವಿಲ್ಲದೆ ತೆಗೆದರು ಎನ್ನುವ ದಿನಗೂಲಿಯವನು ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದಿದ್ದೇನೆ ಎಂದು ತೋರಿಸಬೇಕು. 2002ರ ಹಡಿಮನಿ ಪ್ರಕರಣ ನಮ್ಮ ಕರ್ನಾಟಕದ್ದೇ. ಸಾಬೀತು ಮಾಡುವ ಹೊಣೆ ಕಾರ್ಮಿಕನದು, ಬರೀ ಅವನ ಅಫಿಡವಿಟ್ ಸಾಲದು ಎಂದಿತು ಸುಪ್ರೀಂ ಕೋರ್ಟ್. ದಿನಗೂಲಿಗೆ ನೇಮಕಾತಿ ಪತ್ರ ಯಾರು ಕೊಡುತ್ತಾರೆ? ಕರ್ನಾಟಕದ್ದೇ ಆದ ಯೆಲ್ಲಟ್ಟಿ ಪ್ರಕರಣದಲ್ಲಿ ಈ ಕಷ್ಟವನ್ನು ಕೋರ್ಟ್ ಒಪ್ಪಿತು. ಹೊಣೆ ಬದಲಾಗಲಿಲ್ಲ, ದಾರಿ ಸಿಕ್ಕಿತು: ಕಾರ್ಮಿಕ ಸಾಕ್ಷಿ ಕಟ್ಟೆ ಹತ್ತಬೇಕು, ಮಸ್ಟರ್ ರೋಲ್ (ಕೆಲಸಗಾರರ ಹಾಜರಿ ಪಟ್ಟಿ) ತರಿಸಿ ಎಂದು ಅರ್ಜಿ ಹಾಕಬೇಕು. ಮಾಲೀಕ ದಾಖಲೆ ತರಲಿಲ್ಲ ಎಂಬ ಒಂದೇ ಕಾರಣಕ್ಕೆ ಅವನ ವಿರುದ್ಧ ತೀರ್ಮಾನಕ್ಕೆ ಬರುವಂತಿಲ್ಲ. ಉಳಿದ ಸಾಕ್ಷ್ಯದ ಜೊತೆ ತೂಗಿ ನೋಡಬೇಕು.