ಕುದುರೆಯ ಕಣ್ಣಿಗೆ ಬಿದ್ದ ಮನುಷ್ಯ

ಅಳುಕುತ್ತಾ ಬರುವ ಸವಾರನನ್ನು ಕುದುರೆ, ಅವನು ಜೀನಿನ ಮೇಲೆ ಕೂರುವ ಮೊದಲೇ ಗುರುತು ಹಿಡಿಯುತ್ತದೆ. ಲಾಯದಲ್ಲಿ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಬೇಸರ ತರಿಸುವುದು ಇದಕ್ಕೆ ಕೊಡುವ ಕಾರಣಗಳು. ಕುದುರೆಗೆ ಆರನೇ ಇಂದ್ರಿಯವಿದೆ, ಸತ್ತವರ ಆತ್ಮಗಳು ಕಾಣಿಸುತ್ತವೆ, ಯಜಮಾನನ ಯೋಚನೆ ಅದಕ್ಕೆ ಅದೃಶ್ಯ ತರಂಗಗಳಾಗಿ ತಲುಪುತ್ತದೆ ಎಂದು ಓದು ಬಲ್ಲವರೂ ಹೇಳುತ್ತಾರೆ. ನಿಜವಾಗಿ ನಡೆಯುತ್ತಿರುವುದು ಇಂಥ ಪವಾಡಗಳಿಗಿಂತ ಎಷ್ಟೋ ಸ್ವಾರಸ್ಯವಾದದ್ದು. ಅದನ್ನು ತಿಳಿಸಿಕೊಟ್ಟದ್ದು ಬರ್ಲಿನ್ನಿನ ಒಂದು ಕುದುರೆ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಗಣಿತ ಶಿಕ್ಷಕರ ಬಳಿ ಹಾನ್ಸ್ ಎಂಬ ಕುದುರೆಯಿತ್ತು. ಕೂಡುವ, ಕಳೆಯುವ ಲೆಕ್ಕ ಕೇಳಿದರೆ ಅದು ಗೊರಸನ್ನು ನೆಲಕ್ಕೆ ಬಡಿದು ಉತ್ತರ ಹೇಳುತ್ತಿತ್ತು. ಮೇಷ್ಟರು ಕಾಸು ಕೇಳುತ್ತಿರಲಿಲ್ಲ, ಕಣ್ಕಟ್ಟೂ ಮಾಡುತ್ತಿರಲಿಲ್ಲ. ಕುದುರೆಗೆ ನಿಜವಾಗಿ ಲೆಕ್ಕ ಬರುತ್ತದೆಂದೇ ನಂಬಿದ್ದರು. 1904ರಲ್ಲಿ ಪರಿಶೀಲಿಸಿದ ಸಮಿತಿಗೂ ಮೋಸ ಸಿಗಲಿಲ್ಲ. ಆಮೇಲೆ ಆಸ್ಕರ್ ಫುಂಗ್ಸ್ಟ್ ಎಂಬ ಮನೋವಿಜ್ಞಾನಿ ಬಂದರು. ಅವರು ಮಾಡಿದ್ದು ಸರಳವಾದ ಬದಲಾವಣೆ: ಉತ್ತರ ಗೊತ್ತಿಲ್ಲದವರಿಂದ ಪ್ರಶ್ನೆ ಕೇಳಿಸಿದರು. ಹಾನ್ಸ್ ಸೋತಿತು. ಪ್ರಶ್ನೆ ಕೇಳುವವರು ಕಣ್ಣಿಗೆ ಬೀಳದಂತೆ ಮರೆ ಮಾಡಿದರು. ಆಗಲೂ ಸೋತಿತು.

ಫುಂಗ್ಸ್ಟ್ ಅಷ್ಟಕ್ಕೇ ಬಿಡದೆ ಕುದುರೆಯ ಬದಲು ಮನುಷ್ಯರನ್ನು ನೋಡತೊಡಗಿದರು. ಪ್ರಶ್ನೆ ಕೇಳಿದವರು ಗೊರಸನ್ನು ನೋಡಲು ತಲೆಯನ್ನು ಒಂದಿಷ್ಟು ಬಗ್ಗಿಸುತ್ತಿದ್ದರು. ಹಾನ್ಸ್ ಬಡಿಯಲು ಶುರು ಮಾಡುತ್ತಿತ್ತು. ಸರಿಯಾದ ಸಂಖ್ಯೆ ಬಂದ ಕ್ಷಣ ಅವರ ಬಿಗುವು ಸಡಿಲವಾಗಿ ತಲೆ ತುಸು ಮೇಲೇಳುತ್ತಿತ್ತು, ಹಾನ್ಸ್ ನಿಲ್ಲಿಸುತ್ತಿತ್ತು. ಆ ಅಲುಗಾಟ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬೇಕಾದಷ್ಟು ಸಣ್ಣದು. ಎದುರು ನಿಂತ ವಿದ್ವಾಂಸರಿಗೆ ಅದು ಕಂಡಿರಲಿಲ್ಲ, ಅಲುಗಿದವರಿಗೂ ಅದರ ಅರಿವಿರಲಿಲ್ಲ. ಗುಟ್ಟು ತಿಳಿದ ಮೇಲೂ ಫುಂಗ್ಸ್ಟ್ ಸ್ವತಃ ತಮ್ಮ ತಲೆಯನ್ನು ತಡೆದು ಹಿಡಿಯಲು ಒದ್ದಾಡಿದರು. 1907ರಲ್ಲಿ ಈ ವಿವರಗಳೆಲ್ಲ ಅಚ್ಚಾದವು. ಮೇಷ್ಟರು ಮಾತ್ರ ಒಪ್ಪಲಿಲ್ಲ.

ಹಾನ್ಸ್ ದಡ್ಡ ಕುದುರೆ ಎಂದು ಜನ ಇದರಿಂದ ತೀರ್ಮಾನಿಸಿದ್ದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. ಲೆಕ್ಕ ಕಲಿಯುವುದಕ್ಕಿಂತ ಕಷ್ಟದ ವಿದ್ಯೆ ಅದಕ್ಕೆ ಒಲಿದಿತ್ತು.

ಈ ವಿದ್ಯೆ ಬಂದದ್ದು ಹುಲ್ಲುಗಾವಲಿನಿಂದ. ಕುದುರೆ ಬೇಟೆಗೆ ಸಿಕ್ಕಿ ಸಾಯುವ ಪ್ರಾಣಿ, ಹಿಂಡಿನಲ್ಲಿ ಬದುಕುವ ಪ್ರಾಣಿ. ಹಿಂಡಿನ ಅಂಚಿನಲ್ಲಿ ಮೇಯುತ್ತಿರುವ ಒಂದು ಕುದುರೆಯ ಕತ್ತು ಬಿಗಿಯಾದರೆ ಉಳಿದವುಗಳಿಗೆ ತಕ್ಷಣ ತಿಳಿಯಬೇಕು. ಕೆನೆದು ಹೇಳಲು ಸಮಯವಿರುವುದಿಲ್ಲ. ಅದಕ್ಕೇ ನೆಲದ ಮೇಲಿನ ಸಸ್ತನಿಗಳಲ್ಲೇ ಅತಿ ದೊಡ್ಡವೆನ್ನಬಹುದಾದ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿವೆ. ಬೆನ್ನ ಹಿಂದಿನ ಒಂದು ಕಿರಿದಾದ ಪಟ್ಟಿ ಬಿಟ್ಟರೆ ಸುತ್ತಲಿನದು ಬಹುಪಾಲು ಕಾಣುತ್ತದೆ. ಕಿವಿಗಳು ಒಂದೊಂದೂ ಬೇರೆ ದಿಕ್ಕಿಗೆ ತಿರುಗಬಲ್ಲವು. ನೊಣ ಕೂತರೆ ಆ ಜಾಗದ ಚರ್ಮವಷ್ಟೇ ನಡುಗುವುದನ್ನು ಹತ್ತಿರ ನಿಂತು ನೋಡಿ: ಇಂಥ ಮೈಯ ಮೇಲೆ ಕೂತವನ ತೊಡೆ ಬಿಗಿಯಾದರೆ ಅದು ಗುಟ್ಟಾಗಿ ಉಳಿಯುವುದು ಹೇಗೆ? ಅಂಗಳದಲ್ಲಿ ಕೇಳಿದ ಹೆಜ್ಜೆ ಸಪ್ಪಳದಿಂದಲೇ ಬಂದವರು ಯಾವ ಸಿಟ್ಟಿನಲ್ಲಿದ್ದಾರೆಂದು ಮನೆಯವರಿಗೆ ಗೊತ್ತಾಗುವ ಹಾಗೆ, ನಮ್ಮ ಭಯ ಅದಕ್ಕೆ ಗೊತ್ತಾಗುತ್ತದೆ.

2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಪ್ರಯೋಗ ನನಗೆ ಬಹಳ ಅಚ್ಚುಮೆಚ್ಚು. ಕುದುರೆಗಳನ್ನು ಅಂಕಣದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಲವು ಬಾರಿ ನಡೆಸಿದರು. ಕೆಲವರು ಹಗ್ಗ ಹಿಡಿದು, ಕೆಲವರು ಸವಾರಿ ಮಾಡುತ್ತಾ. ಕೊನೆಯ ಸುತ್ತಿಗೆ ಮೊದಲು ಜನರಿಗೆ ಮಾತ್ರ ಒಂದು ಸುದ್ದಿ ಕೊಟ್ಟರು: ಈ ಸಲ ಕುದುರೆಯ ಮುಂದೆ ಛತ್ರಿ ಬಿಚ್ಚುತ್ತೇವೆ. ಜನರ ಎದೆಬಡಿತ ಏರಿತು, ಜೊತೆಗೆ ಕುದುರೆಗಳದ್ದೂ ಏರಿತು. ಸವಾರರು ಲಗಾಮನ್ನು ಮೊದಲಿಗಿಂತ ಗಿಡ್ಡವಾಗಿ ಹಿಡಿದಿದ್ದರು. ಛತ್ರಿಯನ್ನು ಯಾರೂ ಬಿಚ್ಚಲೇ ಇಲ್ಲ. ‘ಕುದುರೆಗೆ ಏನೋ ಕಾಣಿಸಿತು’ ಎಂದು ಹೆದರಿಸುವವರು ಈ ಛತ್ರಿಯನ್ನು ನೆನೆಯಬೇಕು. ಅದಕ್ಕೆ ಕಂಡದ್ದು ನೀವೇ ಇರಬಹುದು.

ಅದು ಮುಖವನ್ನೂ ಓದುತ್ತದೆ. 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 28 ಕುದುರೆಗಳಿಗೆ ಅಪರಿಚಿತರ ಫೋಟೋಗಳನ್ನು ತೋರಿಸಿದರು. ಸಿಟ್ಟಿನ ಮುಖವನ್ನು ಅವು ಹೆಚ್ಚಾಗಿ ಎಡಗಣ್ಣಿನಿಂದ ನೋಡಿದವು, ಎದೆಬಡಿತವೂ ಬೇಗ ಏರಿತು. ಎಡಗಣ್ಣಿನ ನರತಂತುಗಳು ಬಹುಪಾಲು ಮಿದುಳಿನ ಬಲ ಅರ್ಧಕ್ಕೆ ಹೋಗುತ್ತವೆ. ಅಪಾಯವನ್ನು ತೂಗಿ ನೋಡುವಲ್ಲಿ ಆ ಅರ್ಧದ ಪಾತ್ರ ದೊಡ್ಡದು.

ಇನ್ನು ನಾವು ಅದನ್ನು ನೋಡಿದ ಬಗೆ. ಇಂದಿನ ಸಾಕುಕುದುರೆಗಳ ವಂಶ ವೋಲ್ಗಾ ಮತ್ತು ಡಾನ್ ನದಿಗಳ ಕೆಳಬಯಲಿನಿಂದ ಹೊರಟು ಹರಡಿದ್ದು ಸುಮಾರು 4,200 ವರ್ಷಗಳ ಹಿಂದೆ ಎಂದು ಡಿಎನ್‌ಎ ಹೇಳುತ್ತದೆ. ಚಿತ್ರಗಳೋ, ಅದಕ್ಕಿಂತ ಎಷ್ಟೋ ಹಳೆಯವು. ಫ್ರಾನ್ಸಿನ ಪೆಶ್ ಮೆರ್ಲ್ ಗುಹೆಯಲ್ಲಿ ಸುಮಾರು 25,000 ವರ್ಷಗಳ ಹಿಂದೆ ಯಾರೋ ಮೈತುಂಬ ಚುಕ್ಕೆಗಳಿರುವ ಕುದುರೆಗಳನ್ನು ಬರೆದರು. ಅಂಥ ಕುದುರೆ ಆಗ ಇರಲಾರದು, ಚುಕ್ಕೆಗಳೇನೋ ಮಂತ್ರದ ಸಂಕೇತವಿರಬೇಕು ಎಂದು ಎಷ್ಟೋ ಪಂಡಿತರು ವಾದಿಸಿದರು. 2011ರಲ್ಲಿ ಪ್ರಾಚೀನ ಮೂಳೆಗಳ ಡಿಎನ್‌ಎಯಲ್ಲಿ ಚುಕ್ಕೆಗಳನ್ನು ತರುವ ವಂಶವಾಹಿ ಸಿಕ್ಕಿತು. ಗುಹೆಯ ಕಲಾವಿದರು ಕಂಡದ್ದನ್ನೇ ಬರೆದಿದ್ದಿರಬಹುದು. ಆ ದಿನಗಳಲ್ಲಿ ಕುದುರೆ ನಮ್ಮ ಊಟವೂ ಆಗಿತ್ತು. ಆ ಗೆರೆಗಳಲ್ಲಿರುವ ಅಕ್ಕರೆಯನ್ನು ಅದು ಕಡಿಮೆ ಮಾಡುವುದಿಲ್ಲ.

ಅಕ್ಕರೆಯಿದ್ದರೂ ನಮ್ಮ ಕಣ್ಣಿಗೆ ಮಿತಿಯಿದೆ. 1750ರ ದಶಕದಲ್ಲಿ ಜಾರ್ಜ್ ಸ್ಟಬ್ಸ್ ಎಂಬ ಇಂಗ್ಲಿಷ್ ಚಿತ್ರಕಾರ ಹಳ್ಳಿಯೊಂದರ ಮನೆಯಲ್ಲಿ ಸತ್ತ ಕುದುರೆಗಳನ್ನು ತೂಗುಹಾಕಿ, ಪದರ ಪದರವಾಗಿ ಬಿಡಿಸಿ, ಸುಮಾರು 18 ತಿಂಗಳು ಸ್ನಾಯು, ಮೂಳೆಗಳನ್ನು ಬರೆದುಕೊಂಡ. ಹಾಗಿದ್ದೂ ನಾಗಾಲೋಟದಲ್ಲಿ ಕಾಲುಗಳು ಏನು ಮಾಡುತ್ತವೆಂಬುದು ಚಿತ್ರಕಾರರಿಗೆ ತಿಳಿದಿರಲಿಲ್ಲ. 1821ರಲ್ಲಿ ಫ್ರೆಂಚ್ ಚಿತ್ರಕಾರ ಜೆರಿಕೊ ಬರೆದ, ಇಂಗ್ಲೆಂಡಿನ ಎಪ್ಸಮ್ ಪಂದ್ಯದ ಕುದುರೆಗಳು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುತ್ತವೆ. 1878ರಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಇಟ್ಟ ಕ್ಯಾಮೆರಾಗಳು ಬೇರೆಯದನ್ನೇ ತೋರಿಸಿದವು: ನಾಲ್ಕೂ ಗೊರಸುಗಳು ನೆಲ ಬಿಡುವುದು ಅವು ಹೊಟ್ಟೆಯ ಕೆಳಗೆ ಕೂಡಿಕೊಂಡಾಗ. ಒಂದು ಟನ್ನಿನ ಅರ್ಧದಷ್ಟು ತೂಕದ ಪ್ರಾಣಿಯ ಕಾಲುಗಳನ್ನು ನಾವು ಸಾವಿರಾರು ವರ್ಷ ತಪ್ಪಾಗಿ ನೋಡಿದೆವು. ಅದು ನಮ್ಮ ತಲೆಯ ಮಿಲಿಮೀಟರ್ ಅಲುಗಾಟವನ್ನು ನೋಡುತ್ತಿತ್ತು.

ಈ ಅಂತರವನ್ನು ತುಂಬುವ ಕೆಲಸ ತಡವಾಗಿ ಶುರುವಾಗಿದೆ. ನೋವನ್ನು ಬಚ್ಚಿಟ್ಟುಕೊಳ್ಳುವುದು ಬೇಟೆಯಾಗುವ ಪ್ರಾಣಿಯ ಸ್ವಭಾವ. ಬೆನ್ನುನೋವಿನಿಂದ ಮುಂದೆ ಹೆಜ್ಜೆಯಿಡದ ಕುದುರೆಗೆ ಮೊಂಡು ಎಂಬ ಹೆಸರು ಕೊಟ್ಟು ಬಾರುಕೋಲು ಎತ್ತಿದವರು ಎಷ್ಟು ಮಂದಿಯೋ. 2014ರಲ್ಲಿ, ಬೀಜ ತೆಗೆಸಿಕೊಂಡ ಕುದುರೆಗಳ ಮುಖಗಳನ್ನು ಗಮನಿಸಿದ ಸಂಶೋಧಕರು ನೋವಿನ ಆರು ಗುರುತುಗಳನ್ನು ಪಟ್ಟಿ ಮಾಡಿದರು: ಹಿಂದಕ್ಕೆ ಸೆಟೆದ ಕಿವಿ, ಕಿರಿದಾದ ಕಣ್ಣು, ಕಣ್ಣಿನ ಮೇಲ್ಭಾಗದ ಬಿಗಿತ, ಉಬ್ಬಿ ಕಾಣುವ ದವಡೆಯ ಸ್ನಾಯು, ಬಿಗಿದ ತುಟಿಯ ಕೆಳಗೆ ಎದ್ದು ಕಾಣುವ ಗದ್ದ, ಸೆಳೆದುಕೊಂಡ ಮೂಗಿನ ಹೊಳ್ಳೆ. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡಬೇಕು. ಇದಕ್ಕೆ ಯಂತ್ರ ಬೇಡ, ಲಾಯದ ಬಾಗಿಲಲ್ಲಿ ಸುಮ್ಮನೆ ನಿಂತು ನೋಡುವ ತಾಳ್ಮೆ ಇದ್ದರಾಯಿತು. ಜೀನು ಬಿಗಿಯುವ ಮೊದಲು ಇದನ್ನು ಮಾಡಬಹುದು.