ಈಗಷ್ಟೇ ಪೇಂಟ್ ಆದ ಮನೆಗೂ ತಪಾಸಣೆ ಬೇಕಾ?

ಪ್ರಶ್ನೆ: ಹತ್ತು-ಹನ್ನೆರಡು ವರ್ಷ ಹಳೆಯ ಮನೆಯೊಂದನ್ನು ಕೊಳ್ಳಬೇಕೆಂದಿದ್ದೇವೆ. ಈಗಷ್ಟೇ ಪೇಂಟ್ ಮಾಡಿಸಿದ್ದಾರೆ, ಲಕಲಕ ಅನ್ನುತ್ತಿದೆ. ಸಾಲ ಕೊಡುವ ಬ್ಯಾಂಕಿನವರೂ ಎಂಜಿನಿಯರ್ ಕಳಿಸಿ ನೋಡಿಸಿದ್ದಾರೆ. ಮತ್ತೆ ನಾವೇ ದುಡ್ಡು ಕೊಟ್ಟು ಬೇರೆಯವರಿಂದ ತಪಾಸಣೆ ಮಾಡಿಸಬೇಕಾ?

ಉತ್ತರ: ಮಾಡಿಸಿ. ಈಗಷ್ಟೇ ಪೇಂಟ್ ಆಗಿದೆ ಅಂದಿರಲ್ಲ, ಅದಕ್ಕೇ ಮಾಡಿಸಿ.

ಬ್ಯಾಂಕಿನ ಎಂಜಿನಿಯರ್ ನೋಡುವುದು ಮನೆಯ ಬೆಲೆಯನ್ನು. ಕೊಡುವ ಸಾಲಕ್ಕೆ ಈ ಆಸ್ತಿ ಸಾಲುತ್ತದಾ ಅನ್ನುವುದು ಅವರ ಲೆಕ್ಕ. ಗೋಡೆಯೊಳಗೆ ಪೈಪ್ ಸೋರುತ್ತಿದೆಯಾ ಅಂತ ಹುಡುಕುವುದು ಅವರ ಕೆಲಸವಲ್ಲ.

ನಾನು ಮನೆ ಕೊಳ್ಳುವಾಗ ತಪಾಸಣೆಗೆ ಬಂದವರ ಹಿಂದೆಯೇ ಓಡಾಡಿದ್ದೆ. ಮಲಗುವ ಕೋಣೆಯ ಗೋಡೆಯೊಂದು ನನ್ನ ಕಣ್ಣಿಗೆ ಹಾಲಿನಷ್ಟು ಬೆಳ್ಳಗಿತ್ತು. ಅವರು ಟಾರ್ಚನ್ನು ಗೋಡೆಗೆ ತಾಗಿಸಿ, ಬೆಳಕು ಗೋಡೆಯುದ್ದಕ್ಕೂ ಹರಿಯುವಂತೆ ಹಿಡಿದರು. ನೆಲದಿಂದ ಒಂದು ಗೇಣು ಮೇಲೆ ಹೊಸ ಬಣ್ಣ ಸಣ್ಣ ಸಣ್ಣ ಗುಳ್ಳೆ ಎದ್ದಿತ್ತು! ಎರಡು ಮುಳ್ಳಿನ ತೇವದ ಮೀಟರನ್ನು ಅಲ್ಲಿ ಒತ್ತಿದರು. ಒದ್ದೆ ಇದ್ದ ಕಡೆ ಕರೆಂಟ್ ಸಲೀಸಾಗಿ ಹರಿಯುತ್ತದೆ, ಮೀಟರ್ ಅಳೆಯುವುದು ಅದನ್ನೇ. ಅಂಕಿ ಜಾಸ್ತಿ ಬಂತು. ಆದರೆ ಗೋಡೆಯಲ್ಲಿ ಉಪ್ಪು ಕಟ್ಟಿದ್ದರೂ ಮೀಟರ್ ಹಾಗೇ ತೋರಿಸುತ್ತದೆಯಂತೆ. ಹಾಗಾಗಿ ಗೋಡೆಯ ಆಚೆಗಿದ್ದ ಬಾತ್‌ರೂಮಿಗೆ ಹೋದರು. ನಾಣ್ಯದಿಂದ ಟೈಲ್ಸ್ ಮೇಲೆ ತಟ್ಟುತ್ತಾ ಬಂದರು. ಮೂಲೆಯ ನಾಲ್ಕು ಟೈಲ್ಸ್ ಖಾಲಿ ಡಬ್ಬಿಯ ಹಾಗೆ ಸದ್ದು ಮಾಡಿದವು. ನೀರು ಹೋಗುವ ಕಿಂಡಿ ಮುಚ್ಚಿ, ನೆಲದ ಮೇಲೆ 24 ಗಂಟೆ ನೀರು ನಿಲ್ಲಿಸಿ ನೋಡಿದರು. ಮರುದಿನ ಗೋಡೆಯ ಒದ್ದೆ ಇನ್ನಷ್ಟು ಮೇಲಕ್ಕೆ ಹತ್ತಿತ್ತು.

ಬಿರುಕುಗಳ ವಿಷಯವೂ ಹೀಗೇ, ನೋಡಲು ಕಲಿತವರೇ ನೋಡಬೇಕು. ನಮಗೆ ಎಲ್ಲ ಬಿರುಕೂ ಒಂದೇ ಥರ ಕಾಣುತ್ತದೆ. ಗಾರೆ ಒಣಗುವಾಗ ಬಂದ ಕೂದಲೆಳೆ ಬಿರುಕಿಗೆ ಸುಮ್ನೆ ಹೆದರಬೇಕಿಲ್ಲ. ಕಾಂಕ್ರೀಟ್ ಪಿಲ್ಲರಿಗೂ ಇಟ್ಟಿಗೆ ಗೋಡೆಗೂ ನಡುವೆ ನೇರವಾಗಿ ಇಳಿಯುವ ಗೆರೆಯೂ ಸಾಮಾನ್ಯ. ಎರಡೂ ಬಿಸಿಲಿಗೆ ಹಿಗ್ಗುವ ರೀತಿ ಬೇರೆ, ಅಲ್ವಾ? ಆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಒಂದು ತುದಿಯಲ್ಲಿ 5 ಮಿಲಿಮೀಟರಿಗಿಂತ ಅಗಲವಾಗಿರುವ ಬಿರುಕು ಕಂಡರೆ, ಪಾಯ ಒಂದು ಕಡೆ ಕುಸಿಯುತ್ತಿರಬಹುದು. ಅದೇ ಗೋಡೆಯ ಬಾಗಿಲೂ ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ಆಗ ಸ್ಟ್ರಕ್ಚರಲ್ ಎಂಜಿನಿಯರನ್ನೇ ಕರೆಸಬೇಕು. ಬೀಮಿನ ಕೆಳಗೆ ಉದ್ದಕ್ಕೆ ಬಿರುಕು ಬಿಟ್ಟು ಕಂದು ಕಲೆ ಇದ್ದರೆ ಒಳಗಿನ ಕಂಬಿಗೆ ತುಕ್ಕು ಹಿಡಿದಿದೆ ಅಂತ ಅರ್ಥ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಊದಿಕೊಂಡು ಕಾಂಕ್ರೀಟನ್ನೇ ಸಿಡಿಸುತ್ತದೆ. ಪುಟ್ಟಿ ಹಚ್ಚಿ, ಮೇಲೆ ಪೇಂಟ್ ಹೊಡೆದರೆ ಕೆಲವು ತಿಂಗಳು ಇದ್ಯಾವುದೂ ಕಾಣುವುದಿಲ್ಲ.

ಕರೆಂಟಿನ ಕಡೆ ಪ್ರತಿ ಸಾಕೆಟ್‌ಗೂ ಅರ್ತಿಂಗ್ ಇದೆಯಾ, ಶಾಕ್ ಹೊಡೆದರೆ ಜೀವಕ್ಕೆ ಅಪಾಯವಾಗುವ ಮುಂಚೆ ಕರೆಂಟ್ ಕಡಿಯುವ 30 ಮಿಲಿ ಆಂಪಿಯರ್‌ನ ಸುರಕ್ಷಾ ಸ್ವಿಚ್ ಇದೆಯಾ ಅಂತ ನೋಡಿಸಿ. ಮನೆಯಲ್ಲಿ ಮಕ್ಕಳಿದ್ದರಂತೂ ಇದನ್ನು ಬಿಡಲೇಬೇಡಿ.

ತಪಾಸಣೆಗೂ ಮಿತಿ ಇದೆ. ಅವರು ಗೋಡೆ ಒಡೆದು ನೋಡುವುದಿಲ್ಲ. ಥರ್ಮಲ್ ಕ್ಯಾಮೆರಾ ಎಕ್ಸ್‌ರೇ ಅಲ್ಲ. ಅದು ಗೋಡೆಯ ಮೇಲ್ಮೈಯ ಬಿಸಿ-ತಂಪು ತೋರಿಸುತ್ತದೆ, ಅಷ್ಟೇ. ಕಾಗದಪತ್ರ ನೋಡುವುದು ವಕೀಲರ ಕೆಲಸ.

ಯಾರನ್ನು ಕರೆಸಬೇಕು? ಮನೆ ಮಾರಿಸುವ ಏಜೆಂಟರು ಹೇಳಿದವರನ್ನು ಬೇಡ. ವ್ಯವಹಾರ ಕುದುರಿದರೆ ತಾನೇ ಏಜೆಂಟರಿಗೆ ಕಮಿಷನ್? ತಪಾಸಣೆ ಮಾಡಿ, ರಿಪೇರಿಯನ್ನೂ ನಾವೇ ಮಾಡಿಕೊಡುತ್ತೇವೆ ಅನ್ನುವವರೂ ಬೇಡ. ಅಮೆರಿಕದಲ್ಲಿ 1976ರಲ್ಲಿ ಶುರುವಾದ ಮನೆ ತಪಾಸಕರ ಸಂಘವೊಂದು, ತಪಾಸಣೆ ಮಾಡಿದ ಮನೆಯಲ್ಲಿ ಒಂದು ವರ್ಷ ದುಡ್ಡಿಗೆ ರಿಪೇರಿ ಮಾಡಬಾರದು ಅಂತ ತನ್ನ ಸದಸ್ಯರಿಗೆ ನಿಯಮವನ್ನೇ ಇಟ್ಟಿದೆ. ಒಳ್ಳೆಯ ನಿಯಮ. ಹಳೆಯ ವರದಿಯೊಂದರ ಮಾದರಿ ಕೇಳಿ. ಫೋಟೋ ಸಮೇತ, ಎಲ್ಲಿ ಏನು ಕಂಡಿತು ಅಂತ ಬಿಡಿಸಿ ಬರೆಯುವವರನ್ನೇ ಆರಿಸಿ.

ಮುಂಗಡ ಕೊಡುವ ಮೊದಲೇ ಮಾಡಿಸಿ. ಸಾಧ್ಯವಾದರೆ ಒಂದು ಜೋರು ಮಳೆಯ ಮರುದಿನ. ಎರಡು-ಮೂರು ಗಂಟೆ ಹಿಡಿಯಬಹುದು, ಜೊತೆಯಲ್ಲೇ ಇರಿ. ವರದಿಯ ಒಣ ವಾಕ್ಯಕ್ಕಿಂತ ಪಕ್ಕದಲ್ಲಿ ನಿಂತು ಕೇಳಿದ ಮಾತು ಜಾಸ್ತಿ ತಿಳಿಸುತ್ತದೆ.

ನಾವು ಆ ಮನೆಯನ್ನೇ ಕೊಂಡೆವು. ವರದಿ ಮುಂದಿಟ್ಟು ಮಾತಾಡಿದೆವು. ಬಾತ್‌ರೂಮಿನ ನೆಲ ಕಿತ್ತು ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸುವ ಖರ್ಚನ್ನು ಮಾಲೀಕರು ಬೆಲೆಯಲ್ಲಿ ಮುರಿದುಕೊಳ್ಳಲು ಒಪ್ಪಿದರು. ನಿಮ್ಮ ಮನೆಯಲ್ಲೂ ಮೊದಲು ಬಾತ್‌ರೂಮಿಗೆ ಅಂಟಿಕೊಂಡ ಗೋಡೆಗಳ ಮೇಲೆ ಟಾರ್ಚ್ ಹಿಡಿಸಿ.