ನೂರು ಎಂಬಿಪಿಎಸ್ ಇದ್ದರೂ ಲ್ಯಾಗ್ ಏಕೆ?

ಹಾಸನದ ಯಾವುದಾದರೂ ಕಂಪ್ಯೂಟರ್ ಅಂಗಡಿಗೆ ಹೋಗಿ ‘ಗೇಮಿಂಗ್‌ಗೆ ಒಳ್ಳೇ ರೂಟರ್ ಕೊಡಿ’ ಅಂತ ಕೇಳಿ. ಆರು ಆಂಟೆನಾ ಎತ್ತಿಕೊಂಡು ನಿಂತ, ಬಣ್ಣಬಣ್ಣದ ಲೈಟು ಹೊಡೆಯುವ ಡಬ್ಬವೊಂದು ಕೌಂಟರ್ ಮೇಲೆ ಬರುತ್ತದೆ. ಬಾಕ್ಸ್ ಮೇಲೆ ‘ಎಎಕ್ಸ್3000’ ಎಂಬ ದಪ್ಪ ಅಕ್ಷರ. ದುಡ್ಡು ಕೊಟ್ಟು ತಂದು ಹಾಕಿಸುತ್ತೀರಿ. ವಾರ ಕಳೆಯುವುದರೊಳಗೆ ಒಳಗಿನ ರೂಮಿನಿಂದ ಮತ್ತೆ ಅದೇ ಕೂಗು: ‘ಅಮ್ಮಾ, ಲ್ಯಾಗ್ ಆಗ್ತಿದೆ! ಯಾರು ವೈ-ಫೈ ಯೂಸ್ ಮಾಡ್ತಿರೋದು?’

ಒತ್ತಿದ ಬಟನ್ನಿಗೆ ಆಟ ತಡವಾಗಿ ಸ್ಪಂದಿಸುವುದೇ ಲ್ಯಾಗ್. ಬೈಯುವ ಮೊದಲು ಆ ಕೂಗನ್ನು ಸ್ವಲ್ಪ ಗಮನಿಸಿ. ‘ಸ್ಪೀಡ್ ಸಾಲ್ತಿಲ್ಲ’ ಅಂತ ಹುಡುಗ ಹೇಳುತ್ತಿಲ್ಲ. ‘ಯಾರು’ ಅಂತ ಕೇಳುತ್ತಿದ್ದಾನೆ. ಕೇಳಬೇಕಾದ ಪ್ರಶ್ನೆ ಅದೇ.

ಆನ್‌ಲೈನ್ ಆಟಕ್ಕೆ ಬೇಕಾಗುವ ಸ್ಪೀಡ್ ತುಂಬಾ ಕಡಿಮೆ. ಆಟವನ್ನು ಇಳಿಸಿಕೊಳ್ಳುವಾಗ ಬೇಕು, ನಿಜ. ಕೆಲವು ಆಟಗಳು 100 ಜಿಬಿ ದಾಟುತ್ತವೆ. ಆದರೆ ಆಡಲು ಕೂತ ಮೇಲೆ ಕನ್ಸೋಲ್ (ಟಿವಿಗೆ ಹಾಕಿ ಆಡುವ ಯಂತ್ರ) ಮತ್ತು ಸರ್ವರ್ (ಆಟ ನಡೆಸುವ ಕಂಪನಿಯ ಕಂಪ್ಯೂಟರ್) ನಡುವೆ ಓಡಾಡುವುದು ಚಿತ್ರವಲ್ಲ. ಚಿತ್ರ ಬಿಡಿಸುವುದು ಮನೆಯಲ್ಲಿರುವ ಕನ್ಸೋಲಿನ ಕೆಲಸ. ಹೊರಗೆ ಹೋಗುವುದು ‘ಇವನು ಇಲ್ಲಿದ್ದಾನೆ, ಈ ಕಡೆ ತಿರುಗಿದ, ಈ ಬಟನ್ ಒತ್ತಿದ’ ಎಂಬ ಪುಟ್ಟ ಸುದ್ದಿ ಮಾತ್ರ. ಸೆಕೆಂಡಿಗೆ 30 ಸಲವೋ 60 ಸಲವೋ ಹೋಗುತ್ತದೆ. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ಲೆಕ್ಕ; ಅಂಥ 8 ಮೆಗಾಬಿಟ್ ಸೇರಿದರೆ 1 ಎಂಬಿ. ಗಂಟೆಗೆ 100 ಎಂಬಿ ಖರ್ಚಾಯಿತು ಎಂದುಕೊಂಡರೂ ಅದು ಕಾಲು ಎಂಬಿಪಿಎಸ್ ಕೂಡ ಆಗುವುದಿಲ್ಲ. ಹಾಲ್‌ನಲ್ಲಿ 4ಕೆ ಸಿನಿಮಾ ನೋಡುವವರಿಗೆ 15ರಿಂದ 25 ಎಂಬಿಪಿಎಸ್ ಬೇಕು.

ಆಟಕ್ಕೆ ಮುಖ್ಯವಾದದ್ದು ಹೊತ್ತಿಗೆ ಸರಿಯಾಗಿ ತಲುಪುವುದು. ಸಿನಿಮಾ ಆದರೆ ಮುಂದಿನ ಅರ್ಧ ನಿಮಿಷದ ಭಾಗವನ್ನು ಟಿವಿ ಮೊದಲೇ ತಂದಿಟ್ಟುಕೊಂಡಿರುತ್ತದೆ. ನಡುವೆ ಒಂದು ಸೆಕೆಂಡ್ ತಡವಾದರೂ ನಮಗೆ ಗೊತ್ತಾಗುವುದಿಲ್ಲ. ಆಟದಲ್ಲಿ ಮುಂದಿನ ಕ್ಷಣ ಇನ್ನೂ ನಡೆದೇ ಇಲ್ಲ. ತಂದಿಡುವುದಾದರೂ ಏನನ್ನು?

ಸುದ್ದಿ ಸರ್ವರಿಗೆ ಹೋಗಿ, ಉತ್ತರ ವಾಪಸ್ ಬರಲು ಹಿಡಿಯುವ ಕಾಲವೇ ಪಿಂಗ್. ಅಳೆಯುವುದು ಮಿಲಿಸೆಕೆಂಡಿನಲ್ಲಿ. ಪಿಂಗ್ ಒಂದೇ ಸಮ 50 ಇದ್ದರೆ ಆಟ ಅದಕ್ಕೆ ಹೊಂದಿಕೊಳ್ಳುತ್ತದೆ. ಎದುರಾಳಿ ಈಗ ಎಲ್ಲಿರಬಹುದು ಎಂದು ಊಹಿಸಿ ತೋರಿಸುತ್ತದೆ. ಒಮ್ಮೆ 30, ಮರುಕ್ಷಣ 180 ಆದರೆ ಊಹೆ ತಪ್ಪುತ್ತದೆ. ಆ ಕಡೆ ಓಡುತ್ತಿದ್ದವನು ದಿಢೀರನೆ ಈ ಕಡೆ ಪ್ರತ್ಯಕ್ಷನಾಗುತ್ತಾನೆ. ಈ ಏರುಪೇರಿಗೆ ಜಿಟ್ಟರ್ ಅನ್ನುತ್ತಾರೆ. ಪಿಂಗ್‌ಗಿಂತ ಇದರ ಕಾಟವೇ ಜಾಸ್ತಿ.

ಪಿಂಗ್‌ನಲ್ಲಿ ಒಂದು ಪಾಲು ಯಾವ ರೂಟರಿನ ಕೈಯಲ್ಲೂ ಇಲ್ಲ. ಫೈಬರಿನ ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಹಾಸನದಿಂದ ಬೆಂಗಳೂರಿಗೆ 180 ಕಿ.ಮೀ. ಚಿಲ್ಲರೆ, ಹೋಗಿಬರಲು 2 ಮಿಲಿಸೆಕೆಂಡ್ ಸಾಕು. ಮುಂಬೈಗೆ ದಾರಿ ಸಾವಿರ ಕಿ.ಮೀ. ಎಂದಿಟ್ಟುಕೊಂಡರೆ 10. ಸಿಂಗಪುರ 3,000 ಕಿ.ಮೀ.ಗಿಂತ ದೂರ, ಅಲ್ಲಿಗೆ ಹೋಗಿಬರುವುದು 30ಕ್ಕಿಂತ ಕಮ್ಮಿಯಾಗಲು ಸಾಧ್ಯವೇ ಇಲ್ಲ. ಇದು ಬರೀ ಬೆಳಕಿನ ಲೆಕ್ಕ. ಫೈಬರ್ ನೆಟ್ಟಗೆ ಹೋಗುವುದಿಲ್ಲ, ದಾರಿಯಲ್ಲಿ ಹತ್ತಾರು ಯಂತ್ರಗಳಿವೆ. ಹಾಗಾಗಿ ನಿಜದ ಪಿಂಗ್ ಇದರ ಎರಡು-ಮೂರು ಪಟ್ಟು ಇರುತ್ತದೆ. ಆಟದ ಸೆಟ್ಟಿಂಗ್‌ನಲ್ಲಿ ಸರ್ವರ್ ಆರಿಸಿಕೊಳ್ಳಲು ಬಿಟ್ಟರೆ ಮುಂಬೈ ಹಾಕಿಕೊಳ್ಳಿ. ಅದಕ್ಕೆ ಕಾಸು ಖರ್ಚಿಲ್ಲ.

ದೂರ ಎಂಬುದು ಎಷ್ಟು ಕಟುವಾದ ಲೆಕ್ಕ ಎಂದು ತಿಳಿಯಲು ಹಾಸನದವರು ಹೊರಗೆ ಹೋಗಬೇಕಿಲ್ಲ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೆ. ಅಲ್ಲಿಂದ ನೋಡಿಕೊಳ್ಳುವ ಇನ್ಸಾಟ್, ಜಿಸ್ಯಾಟ್‌ನಂಥ ಭೂಸ್ಥಿರ ಉಪಗ್ರಹಗಳು ಇರುವುದು 35,786 ಕಿ.ಮೀ. ಎತ್ತರದಲ್ಲಿ. ಅಂಥ ಉಪಗ್ರಹದ ಮೂಲಕ ಇಂಟರ್‌ನೆಟ್ ತೆಗೆದುಕೊಂಡರೆ, ಸುದ್ದಿ ಮೇಲೆ ಹೋಗಿ ಕೆಳಗಿಳಿಯಲು ಸುಮಾರು 240 ಮಿಲಿಸೆಕೆಂಡ್. ಉತ್ತರ ಅದೇ ದಾರಿಯಲ್ಲಿ ಬರಲು ಇನ್ನೊಂದು 240. ಎಷ್ಟೇ ಎಂಬಿಪಿಎಸ್ ಕೊಟ್ಟರೂ ಪಿಂಗ್ 480ರ ಕೆಳಗೆ ಇಳಿಯುವುದಿಲ್ಲ. ಸಿನಿಮಾ ಸೊಗಸಾಗಿ ಬರುತ್ತದೆ, ಶೂಟಿಂಗ್ ಆಟ ಆಡಲಾಗುವುದಿಲ್ಲ.

ಇನ್ನೊಂದು ಪಾಲು ಮನೆಯೊಳಗಿನದು. ಇದನ್ನು ಕಣ್ಣಾರೆ ನೋಡಬಹುದು. ವಿದ್ಯಾನಗರದ ಅಕ್ಕನ ಮನೆಯಲ್ಲಿ ಅವಳ ಮಗ ಪಿಎಸ್5ನಲ್ಲಿ ಫುಟ್‌ಬಾಲ್ ಆಡುತ್ತಿದ್ದ. ನಾನು ಪಕ್ಕದಲ್ಲಿ ಲ್ಯಾಪ್‌ಟಾಪಿನಲ್ಲಿ ಪಿಂಗ್ ಓಡಿಸಿಕೊಂಡು ಕೂತಿದ್ದೆ. 30ರ ಆಸುಪಾಸು ಇತ್ತು. ಅಷ್ಟರಲ್ಲಿ ಅಕ್ಕ ಮದುವೆ ಮನೆಯಿಂದ ಬಂದು ಫೋನನ್ನು ಚಾರ್ಜಿಗೆ ಹಾಕಿದಳು. ವೈ-ಫೈ ಸಿಕ್ಕಿದ್ದೇ ತಡ, ಫೋನು ಆ ದಿನದ ಫೋಟೊ, ವಿಡಿಯೊಗಳನ್ನೆಲ್ಲ ಕ್ಲೌಡ್‌ಗೆ ಏರಿಸತೊಡಗಿತು. ಪಿಂಗ್ 300 ದಾಟಿತು. ಹುಡುಗನ ಗೋಲ್‌ಕೀಪರ್ ಚೆಂಡು ಒಳಗೆ ಹೋದ ಮೇಲೆ ಹಾರಿದ. ಅಕ್ಕನಿಗೆ ತಾನೇನು ಮಾಡಿದೆ ಎಂಬ ಅಂದಾಜೂ ಇರಲಿಲ್ಲ. ಪಾಪ, ಅವಳು ಮಾಡಿದ್ದೂ ಏನಿಲ್ಲ.

ಆಗಿದ್ದು ಇಷ್ಟು. ಫೋನಿನಿಂದ ರೂಟರಿಗೆ ಡೇಟಾ ವೇಗವಾಗಿ ಬರುತ್ತದೆ. ಅಲ್ಲಿಂದ ಹೊರಗೆ ಹೋಗುವ ಅಪ್‌ಲೋಡ್ ದಾರಿ ಕಿರಿದು. ಬಂದದ್ದು ಒಳಗೆ ಸಾಲು ನಿಲ್ಲುತ್ತದೆ. ಈ ಸಾಲು ನಿಲ್ಲುವ ಜಾಗವೇ ಬಫರ್. ಮೆಮೊರಿ ಅಗ್ಗವಾದ ಮೇಲೆ ಕಂಪನಿಗಳು ‘ಒಂದು ಪ್ಯಾಕೆಟ್ಟೂ (ಡೇಟಾದ ಒಂದು ತುಣುಕೂ) ಕಳೆದುಹೋಗಬಾರದು’ ಅಂತ ಬಫರನ್ನು ದೊಡ್ಡದು ಮಾಡುತ್ತಾ ಹೋದವು. ಲೆಕ್ಕ ಹಾಕಿ ನೋಡಿ: ಬಫರಿನಲ್ಲಿ 1 ಎಂಬಿ ತುಂಬಿದೆ, ಅಪ್‌ಲೋಡ್ 20 ಎಂಬಿಪಿಎಸ್. ಅದು ಖಾಲಿಯಾಗಲು 400 ಮಿಲಿಸೆಕೆಂಡ್ ಬೇಕು. ಆಟದ ಪುಟ್ಟ ಸುದ್ದಿ ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಟ್ಯಾಂಕರುಗಳ ಹಿಂದೆ ಸಿಕ್ಕಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಾದರೆ ಬೈಕಿನವನು ಹೇಗೋ ಸಂದಿಯಲ್ಲಿ ನುಗ್ಗಿ ಹೋಗಿಬಿಡುತ್ತಾನೆ. ಸಾಧಾರಣ ರೂಟರಿನೊಳಗೆ ಆ ಸಂದಿಯೂ ಇಲ್ಲ.

ಅಮೆರಿಕದ ಎಂಜಿನಿಯರ್ ಜಿಮ್ ಗೆಟ್ಟಿಸ್ 2010ರಲ್ಲಿ ತಮ್ಮ ಮನೆಯ ಇಂಟರ್‌ನೆಟ್ ಯಾಕೆ ಹೀಗಾಡುತ್ತದೆ ಎಂದು ಹುಡುಕುತ್ತಾ ಹೋಗಿ ಈ ರೋಗವನ್ನು ಹಿಡಿದರು. ‘ಬಫರ್‌ಬ್ಲೋಟ್’ ಎಂದು ಕರೆದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಮದ್ದು ಕೊಟ್ಟರು. ಅದರ ಹೆಸರು ‘ಕೋಡೆಲ್’. ಸಾಲು ಎಷ್ಟು ಉದ್ದ ಇದೆ ಎಂದು ಅದು ನೋಡುವುದಿಲ್ಲ. ಒಂದೊಂದು ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಎಂದು ನೋಡುತ್ತದೆ. 5 ಮಿಲಿಸೆಕೆಂಡಿಗಿಂತ ಜಾಸ್ತಿ ಕಾಯುವುದು ಹಾಗೇ ಮುಂದುವರಿದರೆ ಒಂದು ಪ್ಯಾಕೆಟ್ಟನ್ನು ಬೇಕೆಂದೇ ಬಿಸಾಡುತ್ತದೆ. ಕಳಿಸುತ್ತಿದ್ದ ಫೋನಿಗೆ ಅದೇ ಸೂಚನೆ, ತಾನಾಗಿ ನಿಧಾನವಾಗುತ್ತದೆ. ಇದರ ಮುಂದಿನ ರೂಪಗಳಾದ ‘ಎಫ್‌ಕ್ಯೂ-ಕೋಡೆಲ್’ ಮತ್ತು ‘ಕೇಕ್’ ಒಬ್ಬೊಬ್ಬರಿಗೆ ಒಂದೊಂದು ಸಾಲು ಮಾಡಿ, ಸ್ವಲ್ಪವೇ ಕಳಿಸುವವರನ್ನು ಮೊದಲು ಬಿಡುತ್ತವೆ. ಬೈಕಿಗೆ ಸಂದಿ ಸಿಕ್ಕಿತು.

ನನ್ನ ಪ್ರಕಾರ ಗೇಮಿಂಗ್ ರೂಟರ್‌ನಲ್ಲಿ ದುಡ್ಡು ಕೊಡಬೇಕಾದ ಗುಣ ಇದೊಂದೇ. ಬಾಕ್ಸ್ ಮೇಲೆ ಅಥವಾ ಸೆಟ್ಟಿಂಗ್ಸ್‌ನಲ್ಲಿ ‘ಎಸ್‌ಕ್ಯೂಎಂ’, ‘ಎಫ್‌ಕ್ಯೂ-ಕೋಡೆಲ್’ ಅಥವಾ ‘ಕೇಕ್’ ಅಂತ ಇದೆಯಾ ನೋಡಿ (ಎಸ್‌ಕ್ಯೂಎಂ ಅಂದರೆ ಇಂಥ ಸಾಲನ್ನು ನಿಭಾಯಿಸುವ ಏರ್ಪಾಡು). ‘ಓಪನ್‌ಡಬ್ಲ್ಯುಆರ್‌ಟಿ’ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಳ್ಳಬಹುದಾದ ರೂಟರ್ ಆದರೂ ಆಯಿತು. ಬರೀ ‘ಕ್ಯೂಒಎಸ್’ (ಯಾವ ಡೇಟಾಗೆ ಮೊದಲ ಸ್ಥಾನ ಎಂದು ಆರಿಸುವ ಸೌಲಭ್ಯ) ಅಂತಿದ್ದರೆ ನಂಬಬೇಡಿ. ಎಷ್ಟೋ ಕಡೆ ಅದು ಹೆಸರಿಗೆ ಮಾತ್ರ. ಹಾಕಿಕೊಂಡ ಮೇಲೆ ನಿಮ್ಮ ಲೈನಿನ ನಿಜವಾದ ಸ್ಪೀಡಿನ ಶೇ. 90ಕ್ಕೆ ಮಿತಿ ಕಟ್ಟಬೇಕು. ಆಗ ಸಾಲು ನಿಮ್ಮ ರೂಟರಿನಲ್ಲೇ ನಿಲ್ಲುತ್ತದೆ, ಆಪರೇಟರಿನ ಡಬ್ಬದಲ್ಲಲ್ಲ. ಶೇ. 10 ಸ್ಪೀಡ್ ಹೋಯಿತು ಎಂದು ಬೇಜಾರು ಪಡುವವರು ಸಿಗುತ್ತಾರೆ. ಸಂಜೆ ಮನೆಯವರೆಲ್ಲ ಫೋನು ಹಿಡಿದಿರುವಾಗ ಪಿಂಗ್ ಅಲುಗಾಡದೆ ನಿಂತಿದ್ದನ್ನು ನೋಡಿದ ಮೇಲೆ ಸುಮ್ಮನಾಗುತ್ತಾರೆ. ಒಂದು ಎಚ್ಚರ: ಈ ಕೆಲಸಕ್ಕೆ ಪ್ರೊಸೆಸರ್ ಗಟ್ಟಿ ಇರಬೇಕು. ಅಗ್ಗದ ರೂಟರ್ 100 ಎಂಬಿಪಿಎಸ್ ಲೈನನ್ನು ಹೇಗೋ ಸುಧಾರಿಸಬಹುದು, 500 ಎಂಬಿಪಿಎಸ್ ಆದರೆ ಏದುಸಿರು ಬಿಡುತ್ತದೆ.

ಗಾಳಿಯಲ್ಲಿ ಹೋಗುವ ಸಿಗ್ನಲ್ಲಿನ ತಾಪತ್ರಯ ಬೇರೆ. ವೈ-ಫೈನಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಮೊದಲು ಕಿವಿಗೊಟ್ಟು ಕೇಳಬೇಕು, ಯಾರೂ ಮಾತಾಡುತ್ತಿಲ್ಲ ಅಂದರೆ ಲಾಟರಿ ಎತ್ತಿದಂತೆ ಒಂದಷ್ಟು ಹೊತ್ತು ಕಾದು ಕಳಿಸಬೇಕು. ಇಬ್ಬರು ಒಟ್ಟಿಗೆ ಶುರುಮಾಡಿ ಕೆಟ್ಟರೆ ಮುಂದಿನ ಸಲ ಕಾಯುವ ಮಿತಿ ಎರಡರಷ್ಟು. ಕೆಟ್ಟಷ್ಟೂ ಅದು ಬೆಳೆಯುತ್ತದೆ. ಪಕ್ಕದ ಮನೆಯ ರೂಟರ್ ಅದೇ ಚಾನೆಲ್‌ನಲ್ಲಿದ್ದರೆ ಅದೂ ಈ ಪಾಳಿಯಲ್ಲಿ ಸೇರಿದಂತೆಯೇ. ದೂರದ ರೂಮಿನಲ್ಲಿ ಸಿಗ್ನಲ್ ಸಿಗದೆ ಒದ್ದಾಡುವ ಹಳೇ ಫೋನು ಇನ್ನೂ ಕೆಟ್ಟದ್ದು. ಅಷ್ಟೇ ಡೇಟಾ ಕಳಿಸಲು ಅದಕ್ಕೆ ಹತ್ತು ಪಟ್ಟು ಹೊತ್ತು ಬೇಕು, ಅಷ್ಟು ಹೊತ್ತು ಉಳಿದವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು.

ವೈ-ಫೈ ಓಡುವುದು ಹೆಚ್ಚಾಗಿ ಎರಡು ಬ್ಯಾಂಡ್, ಅಂದರೆ ಎರಡು ತರಂಗಪಟ್ಟಿಗಳಲ್ಲಿ: 2.4 ಮತ್ತು 5 ಗಿಗಾಹರ್ಟ್ಸ್. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಬ್ಲೂಟೂತ್ ಓಡುವುದೂ ಅಲ್ಲೇ. ಮೈಕ್ರೊವೇವ್ ಒಲೆ ಕೆಲಸ ಮಾಡುವುದೂ 2.45ರಲ್ಲಿ. ಕನ್ಸೋಲನ್ನು ಅಲ್ಲಿ ಬಿಡಬೇಡಿ, 5 ಗಿಗಾಹರ್ಟ್ಸ್‌ಗೆ ಹಾಕಿ. ಅಲ್ಲಿ ಜಾಗ ಧಾರಾಳ. ಆದರೆ ಅಲೆ ಚಿಕ್ಕದು, ಸುಮಾರು 6 ಸೆಂ.ಮೀ. ಗೋಡೆ ದಾಟುವಾಗ ಬೇಗ ಸೊರಗುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ತೊಂದರೆ ಇರುವುದೇ ಇಲ್ಲಿ. ಮೂಡಿಗೆರೆ, ಆಲ್ದೂರು ಕಡೆಯ ಹಳೇ ಹೆಂಚಿನ ಮನೆಗಳಿಗೆ ದಪ್ಪ ಮಣ್ಣಿನ ಗೋಡೆ. ಜೂನ್‌ನಿಂದ ಆ ಗೋಡೆ ನೀರು ಕುಡಿದು ತೇವವಾಗಿರುತ್ತದೆ. ನೀರು ಈ ಅಲೆಗಳನ್ನು ಚೆನ್ನಾಗಿ ಹೀರುತ್ತದೆ. ಬೇಸಿಗೆಯಲ್ಲಿ ಒಳಮನೆವರೆಗೆ ಬರುತ್ತಿದ್ದ ಸಿಗ್ನಲ್ ಮಳೆಗಾಲದಲ್ಲಿ ನಡುಮನೆಯಲ್ಲೇ ನಿಂತರೆ ರೂಟರನ್ನು ದೂರಬೇಡಿ. ಇನ್ನೊಂದು, ಫೈಬರ್ ಹಾಕಲು ಬರುವ ಹುಡುಗರು ವೈರು ಎಲ್ಲಿ ಒಳಗೆ ಬರುತ್ತದೋ ಅಲ್ಲೇ, ಜಗಲಿಯ ಕಿಟಕಿ ಪಕ್ಕ, ಡಬ್ಬ ಹೊಡೆದು ಹೋಗುತ್ತಾರೆ. ಅರ್ಧ ಸಿಗ್ನಲ್ ಅಂಗಳಕ್ಕೆ, ಉಳಿದರ್ಧ ಕಬ್ಬಿಣದ ಬೀರುವಿಗೆ. ಅವರು ಏಣಿ ಇಳಿಯುವ ಮೊದಲೇ ‘ಹಾಲ್‌ವರೆಗೆ ಎಳೀರಿ’ ಅಂತ ಹೇಳಿ. ಹತ್ತು ಮೀಟರ್ ಫೈಬರಿಗೆ ಆಗುವ ಖರ್ಚಿಗಿಂತ ಆಮೇಲೆ ಕೊಳ್ಳುವ, ಮನೆ ತುಂಬ ಸಿಗ್ನಲ್ ಹರಡುವ ಮೆಶ್ ಸೆಟ್ಟಿನ ಖರ್ಚು ಎಷ್ಟೋ ಜಾಸ್ತಿ.

ಎಲ್ಲಕ್ಕಿಂತ ಒಳ್ಳೆಯದು ಕನ್ಸೋಲಿಗೆ ಕೇಬಲ್ ಎಳೆದುಬಿಡುವುದು. ಲ್ಯಾನ್ ಕೇಬಲ್‌ನಲ್ಲಿ ಪಾಳಿ ಕಾಯುವುದಿಲ್ಲ, ಹೋಗುವುದು ಬರುವುದು ಒಟ್ಟಿಗೇ ನಡೆಯುತ್ತದೆ. ಕ್ಯಾಟ್6 ಕೇಬಲ್ 100 ಮೀಟರ್‌ವರೆಗೆ ಧೈರ್ಯವಾಗಿ ಓಡುತ್ತದೆ. ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್, ಎಲ್ಲದರ ಹಿಂದೆಯೂ ಲ್ಯಾನ್ ಪೋರ್ಟ್ ಇದೆ. ನಿಂಟೆಂಡೊ ಸ್ವಿಚ್‌ನ ಒಎಲ್‌ಇಡಿ ಮಾದರಿಯ ಡಾಕ್‌ನಲ್ಲಿದೆ, ಅದಕ್ಕಿಂತ ಹಳೆಯದಾದರೆ ಯುಎಸ್‌ಬಿ ಅಡಾಪ್ಟರ್ ಬೇಕು.

ವೈ-ಫೈಯೇ ಗತಿ ಎನ್ನುವವರು ಕನ್ಸೋಲ್ ನೋಡಿ ರೂಟರ್ ಕೊಳ್ಳಬೇಕು. ಪಿಎಸ್5ಗೆ ವೈ-ಫೈ 6 (ಸಂಖ್ಯೆ ದೊಡ್ಡದಾದಷ್ಟೂ ಹೊಸ ತಲೆಮಾರು) ಬರುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್ ಎರಡೂ ವೈ-ಫೈ 5ರಲ್ಲೇ ನಿಂತಿವೆ. ಮೊದಲ ಪಿಎಸ್4ಗೆ 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ, ಅದಕ್ಕೆ ಕೇಬಲ್ಲೇ ಸರಿ. ಎಕ್ಸ್‌ಬಾಕ್ಸಿಗೋಸ್ಕರ ವೈ-ಫೈ 7 ರೂಟರ್ ತಂದರೆ ಅಂಗಡಿಯವನಿಗೆ ಲಾಭ. ಇನ್ನು ಆ ‘ಎಎಕ್ಸ್3000’: 2.4ರ ಬ್ಯಾಂಡಿನ 574 ಮತ್ತು 5ರ ಬ್ಯಾಂಡಿನ 2,402 ಎಂಬಿಪಿಎಸ್ ಕೂಡಿಸಿ, ಮೇಲಕ್ಕೆ ದುಂಡು ಮಾಡಿದ ಸಂಖ್ಯೆ ಅದು. ಕನ್ಸೋಲ್ ಒಂದು ಸಲಕ್ಕೆ ಒಂದೇ ಬ್ಯಾಂಡಿನಲ್ಲಿರುತ್ತದೆ.

ರೂಟರ್ ಬದಲಿಸಿದ ಮೇಲೆ ಹೊಸದಾಗಿ ಹುಟ್ಟುವ ಕಾಯಿಲೆಯೂ ಒಂದಿದೆ. ಆಟ ಓಡುತ್ತದೆ, ಆದರೆ ಗೆಳೆಯರ ಪಾರ್ಟಿಗೆ (ಆಡುತ್ತಾ ಮಾತಾಡುವ ಗುಂಪಿಗೆ) ಸೇರಲಾಗುವುದಿಲ್ಲ, ಮಾತು ಕೇಳಿಸುವುದಿಲ್ಲ. ಕನ್ಸೋಲ್ ‘ನ್ಯಾಟ್ ಟೈಪ್ 3’ ಅಥವಾ ‘ಸ್ಟ್ರಿಕ್ಟ್’ ಅನ್ನುತ್ತದೆ. ಇಂಟರ್‌ನೆಟ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆಯೇ ಐಪಿ ವಿಳಾಸ. ಹಳೇ ಪದ್ಧತಿಯ ಈ ವಿಳಾಸಗಳು ಜಗತ್ತಿಗೆಲ್ಲ ಸೇರಿ 430 ಕೋಟಿಯಷ್ಟೇ. ಅವು ಎಲ್ಲರಿಗೂ ಸಾಲದ ಕಾರಣ ಮನೆಯ ಎಲ್ಲ ಸಾಧನಗಳೂ ಒಂದೇ ವಿಳಾಸದ ಹಿಂದೆ ನಿಲ್ಲುತ್ತವೆ. ಈ ಏರ್ಪಾಡೇ ನ್ಯಾಟ್. ಆಪರೇಟರ್ ಕೊಟ್ಟ ಡಬ್ಬವೂ ನ್ಯಾಟ್ ಮಾಡಿ, ನಿಮ್ಮ ಹೊಸ ರೂಟರೂ ಮಾಡಿದರೆ ಹೊರಗಿನಿಂದ ಬರುವ ಗೆಳೆಯನಿಗೆ ಎರಡೆರಡು ಬಾಗಿಲು. ಆಪರೇಟರಿಗೆ ಫೋನ್ ಮಾಡಿ ‘ನಿಮ್ಮ ಡಬ್ಬನ ಬ್ರಿಡ್ಜ್ ಮೋಡ್‌ಗೆ ಹಾಕಿ’ ಅನ್ನಿ (ಆಗ ಅದು ನ್ಯಾಟ್ ಮಾಡದೆ ಡೇಟಾವನ್ನು ಹಾಗೇ ದಾಟಿಸುತ್ತದೆ), ನಿಮ್ಮ ರೂಟರಿನಲ್ಲಿ ‘ಯುಪಿಎನ್‌ಪಿ’ (ಕನ್ಸೋಲ್ ಕೇಳಿದಾಗ ಬಾಗಿಲು ತೆರೆಯುವ ಸೆಟ್ಟಿಂಗ್) ಆನ್ ಮಾಡಿ. ಆಗಲೂ ಸರಿಹೋಗದಿದ್ದರೆ ರೂಟರಿನ ವ್ಯಾನ್ ಐಪಿ (ಹೊರಗಿನ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ, ಆಪರೇಟರ್ ತನ್ನ ಕಡೆಯೂ ಹಲವು ಮನೆಗಳನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸಿದ್ದಾನೆ ಎಂದರ್ಥ. ಅದಕ್ಕೆ ಯಾವ ದುಬಾರಿ ರೂಟರೂ ಮದ್ದಲ್ಲ. ನಿಮ್ಮ ಮನೆಗೇ ಪ್ರತ್ಯೇಕವಾದ ಪಬ್ಲಿಕ್ ಐಪಿ ಕೊಡುತ್ತಾರಾ ಕೇಳಬೇಕು.

ಕರೆಂಟಿನ ಮಾತೂ ಬಂತು. ರೂಟರುಗಳು ಹೆಚ್ಚಾಗಿ 12 ವೋಲ್ಟಿನವು, ಚಿಕ್ಕದೊಂದು ಮಿನಿ ಯುಪಿಎಸ್ ಸಾಕು. ಅಡಾಪ್ಟರಿನ ಮೇಲಿರುವ ವೋಲ್ಟ್, ಆಂಪ್ ಹೊಂದುತ್ತದಾ ನೋಡಿ ತನ್ನಿ. ಫೈಬರಿನ ಡಬ್ಬ ಬೇರೆ ಇದ್ದರೆ ಅದಕ್ಕೂ ಬೇಕು, ಒಂದಕ್ಕೆ ಮಾತ್ರ ಹಾಕಿದರೆ ಉಪಯೋಗವಿಲ್ಲ. ಪಿಎಸ್5 ಆಡುವಾಗ 200 ವ್ಯಾಟ್ ಎಳೆಯುವುದರಿಂದ ಅದಕ್ಕೆ ಇನ್ವರ್ಟರೇ ಆಗಬೇಕು. ಏಪ್ರಿಲ್-ಮೇನಲ್ಲಿ ಗುಡುಗು ಶುರುವಾದರೆ ಯುಪಿಎಸ್ ಇದೆ ಅಂತ ಆಡುತ್ತಾ ಕೂರಬೇಡಿ. ಫೈಬರಿನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ಕಂಬದಿಂದ ಎಳೆಯುವ ಕೇಬಲ್‌ನಲ್ಲಿ ಗಾಜಿನ ಜೊತೆ ಉಕ್ಕಿನ ತಂತಿಯೂ ಇರುವುದುಂಟು. ರೂಟರಿನ ಪ್ಲಗ್ ಕಿತ್ತರೆ ಸಾಲದು, ಅದರಿಂದ ಕನ್ಸೋಲಿಗೆ ಹೋಗುವ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ.